ರಾಗಿ ಮೂಟೆ ಇದ್ದ ಕೋಣೆಯಲ್ಲಿ ಆಫೀಸು

(ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಚಿಕ್ಕಬಳ್ಳಾಪುರದಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಲೆಕ್ಕಗಳನ್ನು ಸ್ವಲ್ಪ ಬಿಡಿಸಿ ಹೇಳಿದ್ದೇನೆ. ಕೊನೆಗೆ ಸಭೆಯಲ್ಲಿ ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲೇ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಿನಲ್ಲಿ ನಾವು ಇವತ್ತು ಸೇರಿದ್ದೇವೆ. ಇಂಥ ದಿನ ಅಣೆಕಟ್ಟು, ಸೇತುವೆ, ರಸ್ತೆಗಳ ಬಗ್ಗೆ ಮಾತಾಡುವುದು ರೂಢಿ. ನಾನು ಮನೆಯೊಳಗಿನ ಒಂದು ಮೇಜು, ಒಂದು ಕುರ್ಚಿ, ಒಂದು ಕಿಟಕಿ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ನಾನು ಮನೆ ಪ್ಲಾನ್ ಬರೆಯುವವನು. ಇಪ್ಪತ್ತು ವರ್ಷದ ಮೇಲಾಯಿತು. 30×40 ಸೈಟು, 20×30 ಸೈಟು, ಇವೇ ಜಾಸ್ತಿ. ಹಾಲು, ಅಡುಗೆಮನೆ, ದೇವರ ಮನೆ, ಎರಡು ಬೆಡ್‌ರೂಮು, ಮುಂದೆ ಕಾರಿಗೆ ಜಾಗ. ಎಷ್ಟೋ ಮನೆಗೆ ಇದನ್ನೇ ಹಿಂದೆ ಮುಂದೆ ಮಾಡಿ ಬರೆದುಕೊಟ್ಟಿದ್ದೇನೆ. ಕೆಲಸ ಮಾಡುವುದಕ್ಕೆ ಒಂದು ಜಾಗ ಬೇಕು ಅಂತ ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ.

2020ರ ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತು ನೋಡಿ, ಆಗ ಬೆಂಗಳೂರಲ್ಲಿ ಪಿಜಿಯಲ್ಲಿದ್ದ ನನ್ನ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ನಾನೇ ಪ್ಲಾನ್ ಮಾಡಿ, ನಾನೇ ನಿಂತು ಕಟ್ಟಿಸಿದ ಮನೆ. ಅದರಲ್ಲಿ ಅವಳಿಗೆ ಎಂಟು ಗಂಟೆ ನೆಟ್ಟಗೆ ಕೂತು ಕೆಲಸ ಮಾಡಲು ಒಂದು ಮೂಲೆ ಇರಲಿಲ್ಲ. ಮೊದಲ ವಾರ ಮಂಚದ ಮೇಲೆ ಕಾಲು ಮಡಚಿ ಕೂತಳು. ಕತ್ತು ಹಿಡಿದುಕೊಂಡಿತು. ಆಮೇಲೆ ಊಟದ ಮೇಜು. ಅಲ್ಲಿ ಪಕ್ಕದಲ್ಲೇ ಮಿಕ್ಸಿ, ಕುಕ್ಕರ್. ಮೂರನೇ ವಾರ ನಾನು ಅವಳಿಗೆ ಮಹಡಿ ಮೇಲಿನ ಒಂಟಿ ರೂಮು ಕೊಟ್ಟೆ. ನೀರಿನ ಟ್ಯಾಂಕ್ ಪಕ್ಕ ಎಲ್ಲರ ಮನೆಯಲ್ಲೂ ಒಂದು ಇರುತ್ತದಲ್ವಾ, ಅದು. ಯಾರ ಗಲಾಟೆಯೂ ಇಲ್ಲ, ಸರಿಹೋಯಿತು ಅಂದುಕೊಂಡೆ.

ಅದು ಏಪ್ರಿಲ್. ನಾಲ್ಕು ದಿನಕ್ಕೆ ಅವಳು ಕೆಳಗೆ ಬಂದು, "ಅಪ್ಪಾ, ಮೂರು ಗಂಟೆ ಆದ್ಮೇಲೆ ಅಲ್ಲಿ ಕೂರಕ್ಕಾಗಲ್ಲ" ಅಂದಳು. ನಾನು ಫ್ಯಾನ್ ಬದಲಾಯಿಸುವ ಮಾತಾಡುತ್ತಿದ್ದೆ. ಜಗುಲಿಯಲ್ಲಿ ಅವರೆಕಾಳು ಆರಿಸುತ್ತಾ ಕೂತಿದ್ದ ನಮ್ಮಮ್ಮ ತಲೆ ಎತ್ತದೆ ಹೇಳಿದರು: "ತಣ್ಣಗಿರೋ ರೂಮನ್ನ ರಾಗಿಗೆ ಕೊಟ್ಟು, ಮಗೂನ ತಗೊಂಡೋಗಿ ಬಿಸಿಲಲ್ಲಿ ಕೂರಿಸಿದೀಯಲ್ಲೋ."

ನಮ್ಮ ಮನೆಯ ಉತ್ತರಕ್ಕೆ 8 ಅಡಿ ಉದ್ದ, 7 ಅಡಿ ಅಗಲದ ಒಂದು ಕೋಣೆ ಇದೆ. ಸ್ಟೋರ್ ಅಂತ ಕಟ್ಟಿಸಿದ್ದು. ರಾಗಿ ಮೂಟೆ, ಹಳೆ ಪಾತ್ರೆ, ಮದುವೆ ಆಲ್ಬಮ್ಮುಗಳ ಟ್ರಂಕು. ಮನೆಯಲ್ಲೇ ತಂಪಾದ ಜಾಗ ಅದು. ಅವತ್ತು ಸಂಜೆ ಮೂಟೆಗಳನ್ನು ಮಹಡಿ ರೂಮಿಗೆ ಸಾಗಿಸಿ, ಮಗಳ ಮೇಜನ್ನು ಕೆಳಗೆ ತಂದೆವು. ಅವಳು ಇವತ್ತಿಗೂ ವಾರದಲ್ಲಿ ಮೂರು ದಿನ ಅಲ್ಲೇ ಕೂತು ಕೆಲಸ ಮಾಡುತ್ತಾಳೆ.

ನಾವು ಮನೆಯಲ್ಲಿ ಎಲ್ಲದಕ್ಕೂ ಜಾಗ ಕೊಟ್ಟು, ಮಿಕ್ಕಿದ ಜಾಗವನ್ನು ಕೆಲಸಕ್ಕೆ ಕೊಡುತ್ತೇವೆ. ಮೆಟ್ಟಿಲ ಕೆಳಗೆ, ಬಾಲ್ಕನಿ ಮುಚ್ಚಿಸಿ, ಬೀರು ಪಕ್ಕ. ದಿನಕ್ಕೆ ಎಂಟು ಗಂಟೆ ಕೂರುವ ಜಾಗ ಅದು. ಮಲಗುವುದನ್ನು ಬಿಟ್ಟರೆ ಇಷ್ಟು ಹೊತ್ತು ನಾವು ಇನ್ನೆಲ್ಲೂ ಇರುವುದಿಲ್ಲ. ಅದನ್ನು ಕೊನೆಗೆ ಹುಡುಕಬೇಡಿ, ಮೊದಲೇ ಆರಿಸಿ. ಇವತ್ತು ನಾನು ಕೇಳಿಕೊಳ್ಳುವುದು ಇದೊಂದೇ.

ಮನೆಯಲ್ಲೇ ದುಡಿಯುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಇಲ್ಲಿ ತುಂಬ ಜನ ಇದ್ದೀರಿ. ನಮ್ಮಮ್ಮ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ಮೊದಲು ಮನೆಯ ನಡುಮನೆಯಲ್ಲೇ ತಟ್ಟೆಗಳು. ನಾವು ಮಕ್ಕಳು ಒಂದು ಮೂಲೆಯಲ್ಲಿ ಮಲಗುತ್ತಿದ್ದೆವು. ಮನೆಯ ಒಳ್ಳೆಯ ಜಾಗವೆಲ್ಲ ಹುಳುವಿನದು. ಬೆಳೆ ಕೈಗೆ ಬರಬೇಕು ಅಂದರೆ ಹಾಗೆ ಮಾಡಲೇಬೇಕಿತ್ತು. ಆಮೇಲೆ ನಾಲ್ಕು ಕಾಸು ಕೂಡಿದ ಮೇಲೆ ಬೇರೆ ಹುಳು ಮನೆ ಕಟ್ಟಿದರು. ನಾನು ಎಂಜಿನಿಯರಿಂಗ್ ಓದುವ ಮುಂಚೆ ನೋಡಿದ ಒಳ್ಳೆಯ ಡಿಸೈನ್ ಅಂದರೆ ಅದೇ. ಉದ್ದ ಪೂರ್ವ ಪಶ್ಚಿಮಕ್ಕೆ. ಹಾಗಾಗಿ ಉದ್ದನೆಯ ಗೋಡೆಗಳಿಗೆ ಬೆಳಗಿನ ಬಿಸಿಲೂ ಸಂಜೆಯ ಬಿಸಿಲೂ ನೇರವಾಗಿ ಹೊಡೆಯುವುದಿಲ್ಲ. ಎದುರು ಬದುರು ಕಿಟಕಿ, ಗಾಳಿ ಹಾಯುತ್ತದೆ. ಹುಳುವನ್ನು ಕೊಲ್ಲುವ ಊಜಿ ನೊಣ ಬರದ ಹಾಗೆ ಕಿಟಕಿಗೆ ನೈಲಾನ್ ಜಾಲರಿ. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು. ಯಾರೆಂದರೆ ಅವರು ಒಳಗೆ ಬರುವ ಹಾಗಿಲ್ಲ. ಕಾಲು ತೊಳೆದೇ ಬರಬೇಕು.

ಇನ್ನೊಂದು ಇತ್ತು. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅಂತೀವಿ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳು ಹೆಚ್ಚುಕಡಿಮೆ ಒಂದು ದಿನ ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. "ಜ್ವರದಲ್ಲಿವೆ, ಸುಮ್ನಿರಿ" ಅಂದರೆ ಮನೆಗೆ ಮನೆಯೇ ಮೆತ್ತಗೆ ನಡೆಯುತ್ತಿತ್ತು. ನಮ್ಮ ತಮ್ಮನ ಮಕ್ಕಳು ಮಗಳ ಕೋಣೆಗೆ ನುಗ್ಗಲು ಹೋದಾಗ ಅಮ್ಮ ಅದೇ ದನಿಯಲ್ಲಿ ಸುಮ್ಮನಿರಿಸುವುದನ್ನು ಕೇಳಿದ್ದೇನೆ. ಆ ಕೋಣೆಯ ಬಾಗಿಲು ಹಾಕಿದ್ದರೆ ತಟ್ಟಬಾರದು, ಅರ್ಧ ತೆರೆದಿದ್ದರೆ ಹೋಗಬಹುದು. ನಮ್ಮ ಮನೆಯಲ್ಲಿ ಈಗ ಅದೇ ನಿಯಮ. ಯಾವ ಸೌಂಡ್ ಪ್ರೂಫ್ ಹಲಗೆಯೂ ಇಷ್ಟು ಉಪಕಾರ ಮಾಡಲಾರದು. ಅದಕ್ಕೇ ನನ್ನ ಹತ್ತಿರ ಯಾರಾದರೂ ಹೋಮ್ ಆಫೀಸ್ ಬೇಕು ಅಂತ ಬಂದರೆ ನಾನು ಮೊದಲು ಟೇಪು ತೆಗೆಯುವುದಿಲ್ಲ. ಒಂದು ವಾರ ಬರೆದಿಡಿ ಅನ್ನುತ್ತೇನೆ. ಎಷ್ಟು ಗಂಟೆಗೆ ಯಾರು ಎಲ್ಲಿರುತ್ತಾರೆ, ಮಿಕ್ಸಿ ಯಾವಾಗ, ಟಿವಿ ಯಾವಾಗ, ನೀರಿನ ಮೋಟರ್ ಯಾವಾಗ. ಆ ಹಾಳೆ ನೋಡಿದರೆ ಅರ್ಧ ಪ್ಲಾನ್ ಅದರಲ್ಲೇ ಇರುತ್ತದೆ.

ಈಗ ಬಿಸಿಲಿನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ಜಾಸ್ತಿ ಆಗುವುದು ಇಲ್ಲೇ.

ನಮ್ಮ ಊರು ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಹೋಗುತ್ತಾನೆ. ಉಳಿದ ತಿಂಗಳೆಲ್ಲ ದಕ್ಷಿಣದಲ್ಲಿ. ಜೂನ್ ತಿಂಗಳಲ್ಲೂ ಉತ್ತರದ ಸೂರ್ಯ ಮಧ್ಯಾಹ್ನ ಸುಮಾರು 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂದು ಚಿಕ್ಕ ಸಜ್ಜೆ ಇದ್ದರೂ ಬಿಸಿಲು ಒಳಗೆ ಬರುವುದಿಲ್ಲ. ಆ ತಿಂಗಳುಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಮಾತ್ರ ಓರೆಯಾಗಿ ಒಂದಿಷ್ಟು ಇಣುಕುತ್ತದೆ. ಅದಕ್ಕೊಂದು ಪರದೆ ಸಾಕು. ಹಾಗಾಗಿ ಉತ್ತರದ ಕಿಟಕಿಯಲ್ಲಿ ದಿನವೆಲ್ಲ ಒಂದೇ ಸಮನಾದ ಮೆತ್ತನೆಯ ಬೆಳಕು ಸಿಗುತ್ತದೆ. ಕೆಲಸಕ್ಕೆ ಇದಕ್ಕಿಂತ ಒಳ್ಳೆ ಬೆಳಕಿಲ್ಲ.

ದಕ್ಷಿಣದ ಕಿಟಕಿಯೂ ಕೆಟ್ಟದ್ದಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ಸುಮಾರು 53 ಡಿಗ್ರಿ ಎತ್ತರಕ್ಕೆ ಇಳಿಯುತ್ತಾನೆ. 2 ಅಡಿ ಸಜ್ಜೆ ಹಾಕಿದರೆ ಆಗ ಕಿಟಕಿಯ ಮೇಲಿನ ಸುಮಾರು 2 ಅಡಿ 8 ಇಂಚಿಗೆ ನೆರಳು ಬೀಳುತ್ತದೆ. 4 ಅಡಿ ಎತ್ತರದ ಕಿಟಕಿಯಾದರೆ ಕೆಳಗಿನ ಸುಮಾರು 1 ಅಡಿ 4 ಇಂಚಿನಲ್ಲಿ ಬಿಸಿಲು ಬರುತ್ತದೆ. ನಮ್ಮ ಊರಿನ ಚಳಿಗೆ ಅದು ಹಿತವಾಗಿಯೇ ಇರುತ್ತದೆ.

ಪಶ್ಚಿಮ ಮಾತ್ರ ಬೇಡ. ಸಂಜೆ ಬಿಸಿಲು ಕೆಳಗಿನಿಂದ ಅಡ್ಡಡ್ಡ ಬರುತ್ತದೆ. ಎಷ್ಟು ಉದ್ದದ ಸಜ್ಜೆ ಹಾಕಿದರೂ ಅದನ್ನು ತಡೆಯಲು ಆಗುವುದಿಲ್ಲ. ಹೊರಗೆ ಒಂದು ಮರ ಬೇಕು, ಇಲ್ಲವೇ ಕಿಟಕಿಯ ಹೊರಗಡೆ ಬಿದಿರಿನ ಚಿಕ್ಕು, ಅಂದರೆ ಬಿದಿರು ಕಡ್ಡಿಯ ಪರದೆ, ಇಳಿಬಿಡಬೇಕು. ಒಳಗಿನ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಆದರೆ ಅಷ್ಟು ಹೊತ್ತಿಗೆ ಶಾಖ ಗಾಜು ದಾಟಿ ಒಳಗೆ ಬಂದಿರುತ್ತದೆ. ಚಿಕ್ಕಬಳ್ಳಾಪುರದಲ್ಲಿ ಇದೊಂದು ಕಷ್ಟ. ನಂದಿ ಬೆಟ್ಟ ನಮಗೆ ನೈರುತ್ಯಕ್ಕೆ, ಸ್ಕಂದಗಿರಿ ಪಶ್ಚಿಮಕ್ಕೆ. ಕೂತಲ್ಲಿಂದ ಬೆಟ್ಟ ಕಾಣಬೇಕು ಅಂತ ಎಲ್ಲರಿಗೂ ಆಸೆ. ನನಗೂ ಇದೆ. ಬೆಟ್ಟದ ಕಡೆ ಒಂದು ಕಿಟಕಿ ಇಡಿ, ಮೇಜನ್ನು ಮಾತ್ರ ಅಲ್ಲಿ ಹಾಕಬೇಡಿ. ಗಂಟೆಗೊಂದು ಸಲ ಎದ್ದು ಹೋಗಿ ಅಲ್ಲಿ ನಿಂತು ನೋಡಿ. ದೂರದ್ದನ್ನು ನೋಡಿದರೆ ಕಣ್ಣಿಗೆ ಬಿಡುವು ಸಿಗುತ್ತದೆ, ಕಾಲಿಗೂ ಒಳ್ಳೆಯದು.

ಮಹಡಿ ರೂಮು ಯಾಕೆ ಕಾಯುತ್ತದೆ ಅಂದರೆ, ಆರ್‌ಸಿಸಿ ತಾರಸಿ ಮಧ್ಯಾಹ್ನವೆಲ್ಲ ಹೀರಿದ ಬಿಸಿಲನ್ನು ಇಳಿಹೊತ್ತಿನಿಂದ ರಾತ್ರಿಯವರೆಗೂ ಒಳಗೆ ಬಿಡುತ್ತಾ ಇರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಅಲ್ಲೇ ಆಫೀಸು ಮಾಡಬೇಕಾದ ಪರಿಸ್ಥಿತಿ ಇದ್ದರೆ ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ತಡೆಯುವ ಬಿಳಿ ಪೇಂಟ್ ಬಳಿಸಿ, ಪ್ರತಿ ಬೇಸಗೆಗೂ ಮುಂಚೆ ಇನ್ನೊಂದು ಕೈ ಹಾಕಿಸಿ. ಮೇಲೆ ಚಪ್ಪರ ಹಾಕಿ ಸೀಮೆಬದನೆಯೋ ಫ್ಯಾಷನ್ ಫ್ರೂಟೋ ಹಬ್ಬಿಸಿದರೆ ಇನ್ನೂ ಚೆನ್ನ.

ವಾಸ್ತು ಬಗ್ಗೆ ಎಲ್ಲರೂ ಕೇಳುತ್ತಾರೆ. ಪೂರ್ವಕ್ಕೆ ಮುಖ ಮಾಡಿ ಕೂರಬೇಕು ಅನ್ನುವವರು ಹಾಗೇ ಕೂರಲಿ. ಪೂರ್ವಕ್ಕೆ ಮುಖ ಮಾಡಿದರೆ ಉತ್ತರ ಎಡಗಡೆ ಬರುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬರಬೇಕು, ಆಗ ಕೈಯ ನೆರಳು ಹಾಳೆ ಮೇಲೆ ಬೀಳುವುದಿಲ್ಲ. ಅಂದರೆ ಉತ್ತರ ಗೋಡೆಯಲ್ಲಿ ಕಿಟಕಿ, ಪೂರ್ವದ ಗೋಡೆಗೆ ಮೇಜು. ಹಿರಿಯರ ಮಾತೂ ಉಳಿಯುತ್ತದೆ, ಕಣ್ಣೂ ಉಳಿಯುತ್ತದೆ. ಆದರೆ ಮುಖದ ಎದುರಿಗೇ ಪೂರ್ವದ ಕಿಟಕಿ ಇಡಬೇಡಿ. ಬೆಳಗಿನ ಬಿಸಿಲು ಕಣ್ಣಿಗೆ ಕುಕ್ಕುತ್ತದೆ. ಬೆನ್ನ ಹಿಂದೆಯೂ ಬೇಡ. ಸ್ಕ್ರೀನ್ ಮೇಲೆ ಕಿಟಕಿಯ ಹೊಳಪು ಕೂರುತ್ತದೆ, ವಿಡಿಯೋ ಕಾಲಿನಲ್ಲಿ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ. ಎಡಗೈಯವರು ಇದನ್ನೆಲ್ಲ ತಿರುಗಿಸಿ ಓದಿಕೊಳ್ಳಬೇಕು.

ಎಷ್ಟು ಜಾಗ ಬೇಕು? ಜನ ಹೆದರುವಷ್ಟು ಬೇಡ. ಮೇಜು 4 ಅಡಿ ಉದ್ದ, 2 ಅಡಿ ಅಗಲ. ಕುರ್ಚಿ ಹಿಂದಕ್ಕೆ ಸರಿಸಿ ಏಳಲು 3 ಅಡಿ. ಬೆನ್ನ ಹಿಂದೆ ಒಂದು ಅಡಿಯ ಕಪಾಟು. ಒಟ್ಟು 6 ಅಡಿ ಉದ್ದ, 5 ಅಡಿ ಅಗಲ. 30×40 ಸೈಟಿನಲ್ಲಿ ಇದು ನಲವತ್ತರಲ್ಲಿ ಒಂದು ಪಾಲು. ನಾಲ್ಕು ಗೋಡೆಯ ಕೋಣೆಯಾದರೆ 8×7 ಇರಲಿ, ಇಲ್ಲದಿದ್ದರೆ ಉಸಿರು ಕಟ್ಟಿದ ಹಾಗಾಗುತ್ತದೆ. ಬಡಗಿಗೆ ಹೇಳುವವರಿಗೆ ಒಂದು ಮಾತು: 8×4 ಅಡಿಯ ಒಂದು ಪ್ಲೈವುಡ್ ಹಾಳೆಯಲ್ಲಿ ಇಂಥ ನಾಲ್ಕು ಮೇಜಿನ ಹಲಗೆ ಬರುತ್ತದೆ. ಅಕ್ಕಪಕ್ಕದ ಮನೆಯವರು ಸೇರಿ ಮಾಡಿಸಿದರೆ ಒಂದು ಚೂರೂ ವ್ಯರ್ಥ ಆಗುವುದಿಲ್ಲ.

ಮೇಜಿನ ಎತ್ತರ. ನಮ್ಮಲ್ಲಿ ಕಣ್ಣು ಮುಚ್ಚಿಕೊಂಡು ಎರಡೂವರೆ ಅಡಿ, ಅಂದರೆ 30 ಇಂಚು ಮಾಡುತ್ತಾರೆ. ಐದು ಅಡಿ ಎತ್ತರದ ಹೆಣ್ಣುಮಗಳು ಅದರ ಮುಂದೆ ಕೂತು ಟೈಪ್ ಮಾಡಿದರೆ ಭುಜ ಮೇಲಕ್ಕೆ ಎತ್ತಿಕೊಂಡೇ ಇರಬೇಕಾಗುತ್ತದೆ. ಸಂಜೆಗೆ ಕತ್ತಿನಿಂದ ಬೆನ್ನಿನವರೆಗೆ ನೋವು. ಸರಿ ನೋಡುವುದು ಸುಲಭ. ಕುರ್ಚಿಯಲ್ಲಿ ಕೂತು ತೋಳು ಸಡಿಲ ಬಿಟ್ಟು ಮೊಣಕೈ ಮಡಚಿ. ಮೊಣಕೈ ಎಲ್ಲಿದೆಯೋ ಅಲ್ಲಿಗೆ ಕೀಬೋರ್ಡ್ ಬರಬೇಕು. ನಾನು ಈಗ 28 ಇಂಚು, ಕೆಲವರಿಗೆ 27 ಮಾಡಿಸುತ್ತೇನೆ. ಮೇಜು ಆಗಲೇ ಮಾಡಿಸಿ ಆಗಿದ್ದರೆ ಕುರ್ಚಿ ಎತ್ತರಿಸಿ, ಕಾಲ ಕೆಳಗೆ ಊಟದ ಮಣೆ ಇಟ್ಟುಕೊಳ್ಳಿ. ಪಾದ ಪೂರ್ತಿ ಊರಬೇಕು, ನೇತಾಡಬಾರದು. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ, ದೂರ ಒಂದು ತೋಳಿನಷ್ಟು. ಲ್ಯಾಪ್‌ಟಾಪ್ ಒಂದರಲ್ಲೇ ಇವೆರಡೂ ಆಗುವುದಿಲ್ಲ. ಅದನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಬೇರೆ ಕೀಬೋರ್ಡ್, ಮೌಸ್ ತಗೊಳ್ಳಿ. ದುಡ್ಡು ಸ್ವಲ್ಪವೇ ಇದ್ದರೆ ಮೇಜಿಗೆ ಕಡಿಮೆ ಹಾಕಿ, ಕುರ್ಚಿಗೆ ಜಾಸ್ತಿ ಹಾಕಿ.

ಸದ್ದಿನ ವಿಷಯ. ಹೊಸ ಮನೆಗಳಲ್ಲಿ ನೆಲಕ್ಕೆ ಟೈಲ್ಸು ಅಥವಾ ಗ್ರಾನೈಟು, ಗೋಡೆ ಬೋಳು. ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ. ನೆಲಕ್ಕೆ ಒಂದು ಜಮಖಾನ, ಕಿಟಕಿಗೆ ದಪ್ಪ ಬಟ್ಟೆ, ಗೋಡೆಗೆ ಪುಸ್ತಕದ ಕಪಾಟು ಬಂದರೆ ಪ್ರತಿಧ್ವನಿ ಹೋಗುತ್ತದೆ. ನಮ್ಮ ಮಗಳ ಕೋಣೆಯಲ್ಲಿ ಅಜ್ಜನ ಕಾಲದ ಕರಿ ಕಂಬಳಿ ಗೋಡೆಗೆ ತೂಗುಹಾಕಿದ್ದೇವೆ. ನೋಡಲೂ ಚೆನ್ನಾಗಿದೆ. ಹೊರಗಿನ ಸದ್ದು ಮುಖ್ಯವಾಗಿ ಬರುವುದು ಬಾಗಿಲ ಕೆಳಗಿನ ಸಂದಿಯಿಂದ. ಅಲ್ಲಿಗೆ ರಬ್ಬರ್ ಪಟ್ಟಿ ಹೊಡೆಸಿ.

ದೀಪಕ್ಕೆ ಜಾಸ್ತಿ ಹೇಳಬೇಕಿಲ್ಲ. ಚಾವಣಿಯ ನಡುವೆ ಒಂದು 9 ವ್ಯಾಟ್ ಬಲ್ಬು ಹಾಕಿ ಸುಮ್ಮನಾಗುತ್ತೇವೆ. ಅದು ಬೆನ್ನ ಹಿಂದೆ ಇದ್ದರೆ ನಮ್ಮ ನೆರಳೇ ಮೇಜಿನ ಮೇಲೆ. ಮೇಜಿಗೇ ಒಂದು ಬಗ್ಗಿಸುವ ದೀಪ ಇರಲಿ.

ಕರೆಂಟ್ ಹೋದರೆ ಏನು ಅಂತ ಎಲ್ಲರಿಗೂ ಚಿಂತೆ. ಲೆಕ್ಕ ಹಾಕೋಣ. ಲ್ಯಾಪ್‌ಟಾಪ್ 60 ವ್ಯಾಟ್, ಮಾನಿಟರ್ 25, ರೂಟರ್ 10, ದೀಪ 10, ಹಳೆ ಮಾದರಿಯ ಫ್ಯಾನ್ 75. ಒಟ್ಟು 180 ವ್ಯಾಟ್. 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 1800 ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದನ್ನು ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ 1200ರ ಹತ್ತಿರ ಸಿಗುತ್ತದೆ. ಆರೂವರೆ ಗಂಟೆ ಓಡುತ್ತದೆ. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್ ಅಷ್ಟೇ ತಗೊಳ್ಳುತ್ತದೆ. ಅದೊಂದು ಬದಲಾಯಿಸಿದರೆ ಇನ್ನೆರಡು ಗಂಟೆ ಸಿಕ್ಕಿತು. ಪ್ಲಗ್ ಪಾಯಿಂಟುಗಳನ್ನು ನೆಲದ ಹತ್ತಿರ ಕೊಡಿಸಬೇಡಿ. ಮೇಜಿನ ಮಟ್ಟದಿಂದ ಆರು ಇಂಚು ಮೇಲೆ, ಕಡಿಮೆಯೆಂದರೆ ಆರು ಪಾಯಿಂಟು. ಅರ್ಥಿಂಗ್ ಸರಿಯಿದೆಯಾ ಅಂತ ಪರೀಕ್ಷೆ ಮಾಡಿಸಿ. ಇದರಲ್ಲಿ ಉದಾಸೀನ ಬೇಡ, ಮಕ್ಕಳು ಓಡಾಡುವ ಮನೆ.

ಇಷ್ಟೂ ಹೊತ್ತು ಕಂಪ್ಯೂಟರ್ ಮುಂದೆ ಕೂರುವವರ ಬಗ್ಗೆಯೇ ಹೇಳಿದೆ. ಮನೆಗೆ ಜನ ಬಂದು ಹೋಗುವ ಕೆಲಸ ಇರುವವರಿದ್ದೀರಿ. ಟ್ಯೂಷನ್ ಹೇಳುವವರು, ತೆರಿಗೆ ಲೆಕ್ಕ ಬರೆಯುವವರು, ಬಟ್ಟೆ ಹೊಲಿಯುವವರು. ನಿಮಗೆ ಹಳೆ ಮನೆಗಳ ಜಗುಲಿಯೇ ದಾರಿ ತೋರಿಸುತ್ತದೆ. ಶಾನುಭೋಗರು ಊರಿನ ಲೆಕ್ಕವನ್ನೆಲ್ಲ ಮನೆಯಲ್ಲೇ ಬರೆಯುತ್ತಿದ್ದರು. ರೈತರು ಜಗುಲಿಗೆ ಬಂದು, ಕೆಲಸ ಮುಗಿಸಿಕೊಂಡು ಹಾಗೇ ಹೋಗುತ್ತಿದ್ದರು. ಒಳಮನೆಯ ಹೆಂಗಸರಿಗೆ, ಮಕ್ಕಳಿಗೆ ತೊಂದರೆ ಇರಲಿಲ್ಲ. ಹಾಗೇ ನಿಮ್ಮ ಕೋಣೆ ರಸ್ತೆ ಕಡೆಗೆ ಇರಲಿ, ಅದಕ್ಕೆ ಪೋರ್ಟಿಕೊದಿಂದಲೇ ಒಂದು ಬಾಗಿಲು ಕೊಡಿ. ಹಾಲು ದಾಟಿ ಬರುವ ಹಾಗೆ ಮಾಡಿದರೆ ಮನೆಯವರು ದಿನವಿಡೀ ನೆಂಟರ ಮುಂದೆ ಇದ್ದ ಹಾಗೆ ಇರಬೇಕಾಗುತ್ತದೆ. ನನ್ನ ಶುರುವಿನ ವರ್ಷಗಳಲ್ಲಿ ಒಬ್ಬ ಟ್ಯೂಷನ್ ಮೇಷ್ಟ್ರಿಗೆ ಹಾಗೇ ಮಾಡಿಕೊಟ್ಟೆ. ಅವರ ಹೆಂಡತಿ ಸಂಜೆ ಹೊತ್ತು ಅಡುಗೆಮನೆಯಿಂದ ಹೊರಗೆ ಬರುವುದೇ ಕಷ್ಟ ಆಗಿತ್ತು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಸರ್, ನಮ್ಮದು ಹಳೇ ಕಲ್ಲಿನ ಮನೆ. ಒಳಗಿನ ರೂಮಿಗೆ ವೈಫೈ ಬರಲ್ಲ."

ಬರುವುದಿಲ್ಲ, ನಿಜ. ಒಂದೂವರೆ ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ ಬಿಸಿಲನ್ನು ಹೇಗೆ ತಡೆಯುತ್ತದೋ ಸಿಗ್ನಲನ್ನೂ ಹಾಗೇ ತಡೆಯುತ್ತದೆ. ಆ ಗೋಡೆ ಒಡೆಯಬೇಡಪ್ಪ, ಅಂಥ ತಂಪು ಇನ್ನು ಯಾರೂ ಕಟ್ಟಿಕೊಡುವುದಿಲ್ಲ. ರೂಟರಿನಲ್ಲಿ ಎರಡು ಬ್ಯಾಂಡ್ ಇರುತ್ತದೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ ದಾಟುವುದು ಕಡಿಮೆ. 2.4 ಗಿಗಾಹರ್ಟ್ಸ್ ಸ್ವಲ್ಪ ನಿಧಾನ, ಗೋಡೆ ದಾಟುವುದರಲ್ಲಿ ವಾಸಿ. ಅದಕ್ಕಿಂತ ಒಳ್ಳೆಯದು, ರೂಟರಿನಿಂದ ಒಂದು ಕೇಬಲ್ಲನ್ನು ಬಾಗಿಲ ಚೌಕಟ್ಟಿನ ಪಕ್ಕದಲ್ಲಿ ಎಳೆದು ನಿನ್ನ ಮೇಜಿಗೇ ತಂದುಬಿಡು. ಹೊಸ ಮನೆ ಕಟ್ಟುವವರು ಪ್ಲಾಸ್ಟರಿಂಗ್ ಮುಂಚೆಯೇ ಅದಕ್ಕೊಂದು ಪೈಪು ಹಾಕಿಸಿಡಿ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. "ನಮ್ಮದು ಎರಡೇ ರೂಮಿನ ಮನೆ ಸಾರ್. ಐದು ಜನ. ಮಗಳು ಬಿ.ಕಾಂ. ಮುಗಿಸಿ ಮನೇಲೇ ಕೂತು ಅಂಗಡಿಗಳ ಲೆಕ್ಕ ಬರೀತಾಳೆ. ನೀವು ಹೇಳಿದ ರೂಮು ನಮಗೆಲ್ಲಿಂದ ಬರುತ್ತೆ?"

ಅಮ್ಮಾ, ನಿಮ್ಮ ಪ್ರಶ್ನೆಗೇ ನಾನು ಮೊದಲು ಉತ್ತರ ಕೊಡಬೇಕಿತ್ತು. ರೂಮು ಬೇಡ. ಮನೆಯಲ್ಲಿ ಒಂದು ಗೋಡೆ ನೋಡಿ, ಕಿಟಕಿ ಅವಳ ಎಡಗಡೆಗೆ ಬರುವ ಗೋಡೆ. ಅದಕ್ಕೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯನ್ನು ಕೀಲು ಹಾಕಿ ಮಡಚುವ ಹಾಗೆ ಹೊಡೆಸಿ. ನೆಲದಿಂದ 28 ಇಂಚು. ಹಲಗೆ ಕೆಳಗೆ ಎರಡು ಮಡಚುವ ಬ್ರಾಕೆಟ್ಟು, ಒಂದೊಂದಕ್ಕೂ ಗೋಡೆಗೆ ಮೂರು ಮೂರು ಸ್ಕ್ರೂ, ರಾಲ್‌ಪ್ಲಗ್ ಹಾಕಿ. ಮೇಲೆ ಒಂದು ಸಣ್ಣ ಕಪಾಟು, ಅವಳ ಲೆಕ್ಕದ ಪುಸ್ತಕಗಳಿಗೆ ಮಾತ್ರ. ಬೇರೆ ಯಾರದ್ದೂ ಅದರಲ್ಲಿ ಇಡಬೇಡಿ. ಹಲಗೆ ಬಿಡಿಸಿದೆ ಅಂದರೆ ಅವಳು ಕೆಲಸದಲ್ಲಿದ್ದಾಳೆ ಅಂತ ಮನೆಯವರಿಗೆಲ್ಲ ಹೇಳಿಡಿ, ಆ ಹೊತ್ತು ಟಿವಿ ಬೇಡ. ರಾತ್ರಿ ಹಲಗೆ ಮಡಚಿದರೆ ಅಲ್ಲೇ ಒಂದು ಹಾಸಿಗೆ ಹಾಸಬಹುದು. ಸಭೆ ಮುಗಿದ ಮೇಲೆ ನಿಲ್ಲಿ, ಅಳತೆ ಹಾಕಿ ಒಂದು ಚಿತ್ರ ಬರೆದುಕೊಡುತ್ತೇನೆ. ಬಡಗಿಗೆ ಅದನ್ನೇ ತೋರಿಸಿ.